ಉಮ್ಮೆ ಕುಲ್ಸುಂ ಎತ್ತಿಕೊಂಡ ಮಗು

ಕಾಕ್ಸ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಶಿಶುವಿಹಾರದಲ್ಲಿ ಉಮ್ಮೆ ಕುಲ್ಸುಂ ಆಯಾ ಆಗಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ಮಿಸ್ಬಾಳನ್ನು ಓದಿಸಬೇಕೆಂದು ಹಿಡಿದ ಕೆಲಸ ಅದು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ದಿನವೂ ನಡೆದೇ ಹೋಗುತ್ತಿದ್ದಳು. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ಕನ್ನಡ. ಇಂಗ್ಲಿಷ್ ಮಾತ್ರ ಶಾಲೆಯಲ್ಲಿ ಬಂದದ್ದು, ಅದೂ ಕಿವಿಯಿಂದ.

ಮೇಡಂ ಮಕ್ಕಳಿಗೆ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡು ಇಟ್ಟುಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದವರು ಕೈ ರೇಸ್ ಮಾಡಬೇಕು. ಆಗಸ್ಟ್ ಹದಿನೈದರಂದು ಬಾವುಟ ಹಾಯ್ಸ್ಟ್ ಮಾಡಬೇಕು. ಎರಡೂ ಮೇಲಕ್ಕೆ ಎತ್ತುವ ಕೆಲಸವೇ, ಆದರೂ ಒಮ್ಮೆ ಅವಳು ಮಕ್ಕಳಿಗೆ ಕೈ ಹಾಯ್ಸ್ಟ್ ಮಾಡಿ ಎಂದಾಗ ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕಿದ್ದರು. ಬಿದ್ದು ಅಳುವ ಮಗುವನ್ನು ಪಿಕ್ ಅಪ್ ಮಾಡಬೇಕು ಎನ್ನುತ್ತಿದ್ದರು. ಆ ಒಂದು ಮಾತು ಮಾತ್ರ ಕುಲ್ಸುಂಗೆ ಒಗ್ಗಲಿಲ್ಲ. ಶಿವಾಜಿನಗರ ಬಸ್ ನಿಲ್ದಾಣದ ಮಗ್ಗುಲಲ್ಲಿ ಬದುಕಿದವಳಿಗೆ ಪಿಕ್ ಎಂದೊಡನೆ ಪಿಕ್‌ಪಾಕೆಟ್ ನೆನಪಾಗುತ್ತಿತ್ತು. ಮಗುವಿನ ವಿಷಯಕ್ಕೆ ಅಂಥ ಮಾತು ಬೇಡವೆನಿಸಿತ್ತು. ಅದಕ್ಕಿಂತ ಲಿಫ್ಟ್ ಮರ್ಯಾದಸ್ಥ ಮಾತು. ಕಮರ್ಷಿಯಲ್ ಸ್ಟ್ರೀಟಿನ ದೊಡ್ಡ ಅಂಗಡಿಗಳಲ್ಲಿ ಜನರನ್ನು ಜೋಪಾನವಾಗಿ ಮೇಲಿನ ಮಹಡಿಗೆ ಒಯ್ಯುವ ಪೆಟ್ಟಿಗೆಗೂ ಅದೇ ಹೆಸರು. ಆದ್ದರಿಂದ ಅವಳು ಮಕ್ಕಳನ್ನು ಲಿಫ್ಟ್ ಮಾಡುತ್ತಿದ್ದಳು. ಮೇಡಂ ಒಂದೆರಡು ಸಲ ತಿದ್ದಿ ಸುಮ್ಮನಾದರು. ಲಿಫ್ಟ್ ಎಂಬುದಕ್ಕೆ ಕದ್ದೊಯ್ಯುವುದು ಎಂಬ ಅರ್ಥವೂ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಂಗಲೆ ಮಾರಾಟವಾಗಿ ಅಲ್ಲಿ ಫ್ಲಾಟುಗಳು ಏಳತೊಡಗಿದಾಗ ಶಾಲೆ ಮುಚ್ಚಿತು. ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮಗು ನೋಡಿಕೊಳ್ಳಲು ಜನ ಬೇಕಂತೆ ಎಂದು ಮಿಸ್ಬಾ ತಾನು ಕೆಲಸ ಮಾಡುವ ಬ್ಯೂಟಿ ಪಾರ್ಲರಿನಲ್ಲಿ ಕೇಳಿ ಬಂದಳು. ಕುಲ್ಸುಂ ಬುರ್ಖಾ ಇಸ್ತ್ರಿ ಮಾಡಿ ತೊಟ್ಟಳು. ಹೊಸ ಮಗು ಹತ್ತಿರ ಬರಲೆಂದು ಚೀಲದಲ್ಲಿ ಒಂದಷ್ಟು ಚಾಕೊಲೇಟು ಹಾಕಿಕೊಂಡಳು.

ಆ ವಾರ ಮಕ್ಕಳ ಕಳ್ಳರ ಸುದ್ದಿ ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ಎಲ್ಲಿಯದೋ ಹಳೆಯ ವಿಡಿಯೊಗಳು, ಮೇಲೆ ಚೈಲ್ಡ್ ಲಿಫ್ಟರ್ಸ್ ಎಂಬ ತಲೆಬರಹ. ಸುತ್ತಮುತ್ತ ಯಾವ ಮಗುವೂ ಕಳೆದಿರಲಿಲ್ಲ. ಆದರೂ ಗೇಟಿನ ಸೆಕ್ಯುರಿಟಿಯವನಿಗೆ ಕಟ್ಟಪ್ಪಣೆಯಾಗಿತ್ತು: ಚೀಲ ಹಿಡಿದು ನಿಲ್ಲುವ ಗುರುತಿಲ್ಲದ ಹೆಂಗಸರ ಮೇಲೆ ಕಣ್ಣಿಡಬೇಕು. ಅವನು ಕುಲ್ಸುಂಳನ್ನು ಒಳಗೆ ಬಿಡಲಿಲ್ಲ. ಕೆಲಸಕ್ಕೆ ಜನ ಬೇಕೆಂದ ಮನೆಯವರು ಫೋನ್ ಎತ್ತುತ್ತಿಲ್ಲ, ಹೊರಗೇ ಇರು ಎಂದ. ಅವಳು ಹೂವಿನ ವೆಂಕಟಮ್ಮನ ಗಾಡಿಯ ನೆರಳಿಗೆ ಹೋಗಿ ನಿಂತಳು. ನಿಂತಷ್ಟು ಹೊತ್ತೂ ಅವನು ಅವಳನ್ನು ನೋಡುತ್ತಲೇ ಇದ್ದ.

ನೀರಿನ ಟ್ಯಾಂಕರೊಂದು ಬಂದಾಗ ಅವನು ಗೇಟು ತೆರೆದು ಅತ್ತ ತಿರುಗಿದ. ಅಷ್ಟರಲ್ಲಿ ಎರಡು ವರ್ಷದ ಒಂದು ಮಗು ನಾಯಿಮರಿಯ ಹಿಂದೆ ರಸ್ತೆಗೆ ಬಂದುಬಿಟ್ಟಿತು. ಟ್ಯಾಂಕರು ಹಿಂದಕ್ಕೆ ಸರಿಯುತ್ತಿತ್ತು. ಕುಲ್ಸುಂ ಓಡಿ ಮಗುವನ್ನು ಬಾಚಿ ಎತ್ತಿಕೊಂಡಳು. ಗೇಟಿನ ಕಡೆಗೆ ಹೋಗಲು ದಾರಿಯಿರಲಿಲ್ಲ, ನಡುವೆ ಟ್ಯಾಂಕರಿತ್ತು. ಆದ್ದರಿಂದ ಎದುರು ಬದಿಗೆ ಓಡಿದಳು. ಗೇಟಿನಲ್ಲಿದ್ದವನು ತಲೆಯೆತ್ತಿದಾಗ ಕಂಡದ್ದು ಇಷ್ಟೇ: ಬುರ್ಖಾ ಹಾಕಿದ ಹೆಂಗಸು ಅಳುವ ಮಗುವನ್ನು ಹೊತ್ತು ಟ್ಯಾಂಕರಿನ ಮರೆಗೆ ಓಡುತ್ತಿದ್ದಾಳೆ.

ಅವನ ಕೂಗಿಗೆ ಜನ ಸೇರಿದರು. ಯಾರೋ ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡರು. ಮಗುವಿನ ತಾಯಿ ಅಂಜಲಿ ನೆಲಮಹಡಿಯ ಮನೆಯಿಂದ ಹೆಡ್‌ಫೋನ್ ಕುತ್ತಿಗೆಯಲ್ಲೇ ಇರುವಂತೆ ಓಡಿ ಬಂದಳು. ಹಾವೇರಿ ಕಡೆಯವಳು, ಮನೆಯಿಂದಲೇ ಆಫೀಸಿನ ಕೆಲಸ. ಮೀಟಿಂಗಿನಲ್ಲಿದ್ದವಳು ಬಾಗಿಲ ಚಿಲಕ ಹಾಕಿರಲಿಲ್ಲ. ಮಗುವನ್ನು ಎದೆಗವಚಿಕೊಂಡು ಅವಳು ಕುಲ್ಸುಂಳ ಕಡೆ ನೋಡಿದ ನೋಟಕ್ಕೆ ಸುತ್ತಲಿದ್ದವರಿಗೆ ಮತ್ತೇನೂ ಬೇಕಾಗಲಿಲ್ಲ. ಒಬ್ಬ ಕುಲ್ಸುಂಳ ಚೀಲ ಎಳೆದು ಬೋರಲು ಹಾಕಿದ. ಚಾಕೊಲೇಟುಗಳು ಬಿದ್ದವು. ಇವಕ್ಕೆ ಏನು ಬೆರೆಸಿದ್ದಾಳೋ ಎಂದು ಒಬ್ಬರು, ಮುಟ್ಟಬೇಡಿ ಎಂದು ಇನ್ನೊಬ್ಬರು.

ಅಪಾರ್ಟ್‌ಮೆಂಟ್ ಸಂಘದ ಚಂದ್ರಶೇಖರಯ್ಯ ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ರಿಟೈರಾದ ಅಧಿಕಾರಿ, ಹೊಡೆಯಲು ಬಿಡಲಿಲ್ಲ. ಆದರೆ ಫೋನಿನ ಕ್ಯಾಮೆರಾ ತೆರೆದು ಅವಳ ಮುಖಕ್ಕೆ ಹಿಡಿದರು.

"ನೋಡಮ್ಮ, ಇದೆಲ್ಲ ರೆಕಾರ್ಡ್ ಆಗ್ತಿದೆ. ಮಗೂನ ಎತ್ಕೊಂಡಿದ್ದು ನೀನೇ ತಾನೆ?"

ಇಂಗ್ಲಿಷಿನಲ್ಲಿ ಹೇಳಿದರೆ ತಾನು ಶಾಲೆಯಲ್ಲಿದ್ದವಳೆಂದು ಇವರಿಗೆ ತಿಳಿದೀತು ಎಂದು ಕುಲ್ಸುಂಗೆ ಅನ್ನಿಸಿತು.

"ಎಸ್ ಸರ್. ಐ ಲಿಫ್ಟೆಡ್ ದ ಬೇಬಿ. ಸೋ ಮೆನಿ ಇಯರ್ಸ್ ಐ ಲಿಫ್ಟಿಂಗ್ ಚಿಲ್ಡ್ರನ್ ಓನ್ಲಿ, ಸರ್."

ಹಿಂದಿನಿಂದ ಒಬ್ಬ, ಕೇಳಿದ್ರಾ, ಅವಳೇ ಒಪ್ಪಿಕೊಂಡಳು ಎಂದ. ಒಂದು ಕೈ ಅವಳ ಮುಖಪರದೆಯನ್ನು ಎಳೆಯಿತು. ವೆಂಕಟಮ್ಮ ಗಾಡಿ ಬಿಟ್ಟು ಬಂದು, ಟ್ಯಾಂಕರು ಹಿಂದಕ್ಕೆ ಬರುತ್ತಿತ್ತು, ಈಯಮ್ಮ ಇಲ್ಲದಿದ್ದರೆ ಮಗು ಅಡಿಗೆ ಸಿಗುತ್ತಿತ್ತು ಎಂದು ಹೇಳಲು ನೋಡಿದಳು. ಅವಳು ಅಷ್ಟು ಹೊತ್ತು ನಿನ್ನ ಗಾಡಿ ಹತ್ತಿರವೇ ಯಾಕೆ ನಿಂತಿದ್ದಳು, ನಿಮಗಿಬ್ಬರಿಗೂ ಗುರುತಿದೆಯಾ ಎಂದು ಅವಳನ್ನೇ ಕೇಳಿದರು. ವೆಂಕಟಮ್ಮ ತನ್ನ ಗಾಡಿಗೆ ಹಿಂದಿರುಗಿದಳು. ಟ್ಯಾಂಕರಿನ ಡ್ರೈವರ್ ಸ್ಟೀರಿಂಗ್ ಹಿಡಿದೇ ಕೂತಿದ್ದ. ತಾನು ಕನ್ನಡಿ ನೋಡಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಕೇಳಿದವರಿಗೆ ಏನೂ ಕಾಣಲಿಲ್ಲ ಎಂದ.

ಪೊಲೀಸರು ಬಂದು ಕುಲ್ಸುಂಳನ್ನು ಜೀಪಿಗೆ ಹತ್ತಿಸಿಕೊಂಡದ್ದೇ ಒಳ್ಳೆಯದಾಯಿತು. ಠಾಣೆಯಲ್ಲಿ ಮಹಿಳಾ ಪೇದೆಯೊಬ್ಬರು ನೀರು ಕೊಟ್ಟು, ಮಗಳಿಗೆ ಫೋನ್ ಮಾಡಿಸಿದರು. ಫೋನ್ ಎತ್ತುವಾಗಲೇ ಮಿಸ್ಬಾ ಅಳುತ್ತಿದ್ದಳು. ವಿಡಿಯೊ ಆಗಲೇ ಪಾರ್ಲರಿನ ಗಿರಾಕಿಯೊಬ್ಬಳ ಫೋನಿಗೂ ಬಂದಿತ್ತು. ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಆಕೆ, ಈ ಕಳ್ಳಿಯನ್ನು ನೋಡು ಎಂದು ಅದನ್ನು ಮಿಸ್ಬಾಳಿಗೇ ತೋರಿಸಿದ್ದಳು.

ಮನೆಯಲ್ಲಿ ಅಂಜಲಿ ಮಗುವಿನ ಮೈಯೆಲ್ಲ ತಡವಿ ನೋಡಿದಳು. ಗಾಯವಿರಲಿಲ್ಲ. ಒಂದು ಕಾಲಿನ ಚಪ್ಪಲಿ ಮಾತ್ರ ಇರಲಿಲ್ಲ. ಕಳ್ಳಿ ಎಳೆದಾಡಿದಾಗ ಬಿದ್ದಿರಬೇಕೆಂದುಕೊಂಡು, ಪೊಲೀಸರಿಗೆ ತೋರಿಸಲು ಬೇಕಾದೀತೆಂದು ಹುಡುಕಲು ಹೊರಟಳು. ಟ್ಯಾಂಕರು ನಿಂತಲ್ಲೇ ನಿಂತಿತ್ತು. ಅದರ ಹಿಂದಿನ ಚಕ್ರದ ಕೆಳಗೆ ಹಳದಿ ಬಣ್ಣ ಕಂಡಿತು. ಬಗ್ಗಿ ಎಳೆದಳು, ಬರಲಿಲ್ಲ. ಡ್ರೈವರನನ್ನು ಕರೆದು ಗಾಡಿ ಮುಂದಕ್ಕೆ ತೆಗೆಸಿದಾಗ ಸಿಕ್ಕಿದ್ದು ಅಪ್ಪಚ್ಚಿಯಾದ ಚಪ್ಪಲಿ. ಅದನ್ನು ಕೈಯಲ್ಲಿ ಹಿಡಿದು ಅವಳು ರಸ್ತೆಯ ಮೇಲೆಯೇ ಕೂತುಬಿಟ್ಟಳು. ಹೆಂಗಸು ಎತ್ತಿಕೊಳ್ಳದಿದ್ದರೆ ಮಗು ಚಕ್ರದಡಿಗೆ ಬರುತ್ತಿತ್ತೆಂದು ಡ್ರೈವರ್ ಆಗ ಬಾಯಿಬಿಟ್ಟ. ವೆಂಕಟಮ್ಮ, ನಾನೂ ಅದನ್ನೇ ಹೇಳಿದ್ದಲ್ಲವಾ ತಾಯಿ, ಯಾರು ಕೇಳಿದರು ಎಂದಳು.

ಅಂಜಲಿ ಠಾಣೆಗೆ ಹೋಗಿ ಎಲ್ಲ ಹೇಳಿ, ಬರೆದುಕೊಟ್ಟಳು. ಚಂದ್ರಶೇಖರಯ್ಯನವರೂ ಜೊತೆಗೆ ಬಂದಿದ್ದರು. ಬೆಂಚಿನ ಮೇಲಿದ್ದ ಕುಲ್ಸುಂಳನ್ನು ಅವರು ನೀವು ಎಂದು ಮಾತಾಡಿಸಿದ್ದು ಆಗಲೇ ಮೊದಲು. ತಾವು ವಿಡಿಯೊ ಕಳಿಸಿದ್ದು ಅಪಾರ್ಟ್‌ಮೆಂಟಿನ ಗ್ರೂಪಿಗೆ ಮಾತ್ರ, ಅಲ್ಲಿಂದ ಯಾರು ಹೊರಗೆ ಬಿಟ್ಟರೋ ತಿಳಿಯದು ಎಂದರು. ಲಿಫ್ಟ್ ಎಂದದ್ದರಲ್ಲಿ ಏನು ತಪ್ಪಾಯಿತೆಂದು ಮನೆಗೆ ಹೋಗುವಾಗ ಆಟೊದಲ್ಲಿ ಮಿಸ್ಬಾ ಬಿಡಿಸಿ ಹೇಳಬೇಕಾಯಿತು.

ಗಲ್ಲಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಪಕ್ಕದ ಮನೆಯ ಇಮಾಮ್ ಬೀ, ಮಿಸ್ಬಾ ಹುಟ್ಟುವಾಗ ಹೆರಿಗೆಯಲ್ಲಿ ಜೊತೆಗಿದ್ದವಳು, ತನ್ನ ಮೊಮ್ಮಗಳನ್ನು ಕುಲ್ಸುಂಳ ಹತ್ತಿರ ಬಿಟ್ಟು ಮಾರುಕಟ್ಟೆಗೆ ಹೋಗುವುದನ್ನು ನಿಲ್ಲಿಸಿದಳು. ಮಗುವಿಗೆ ನೆಗಡಿ ಎಂದಳು. ಹುಡುಗಿ ಹೊರಗೆ ಕುಣಿಯುವುದು ಕುಲ್ಸುಂಗೆ ಕಿಟಕಿಯಿಂದ ಕಾಣುತ್ತಿತ್ತು.

ಅಂಜಲಿ ತನ್ನ ಮುಖ ತೋರಿಸಿ, ನಡೆದದ್ದನ್ನು ಹೇಳಿ ಇನ್ನೊಂದು ವಿಡಿಯೊ ಮಾಡಿ ಹಾಕಿದಳು. ಅದು ಮೊದಲನೆಯದರಷ್ಟು ದೂರ ಹೋಗಲಿಲ್ಲ. ಆಮೇಲೊಂದು ಭಾನುವಾರ ಗಲ್ಲಿ ಹುಡುಕಿಕೊಂಡು ತಾನೇ ಬಂದಳು. ಕುಲ್ಸುಂ ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು, ತಾನು ಬಾಗಿಲ ಬಳಿಯೇ ನಿಂತಳು. ತನ್ನ ಮಗುವನ್ನು ನೋಡಿಕೊಳ್ಳಲು ಬರುತ್ತೀರಾ ಎಂದು ಅಂಜಲಿ ಕೇಳಿದಳು. ಇದರ ಹಿಂದೆ ಇನ್ನೇನಿದೆಯೋ, ಫೋನು ಎಲ್ಲಾದರೂ ಆನ್ ಆಗಿದೆಯೋ ಎಂದು ಕುಲ್ಸುಂ ಅವಳ ಕೈಯನ್ನೇ ನೋಡಿದಳು.

"ಬೇಡಮ್ಮ," ಎಂದಳು. "ನಿಮ್ಮನೇಲಿ ಮಗು ಒಂದ್ಸಲ ಜೋರಾಗಿ ಅತ್ರೆ ನೀವು ನನ್ನ ಮುಖ ನೋಡ್ತೀರಿ. ಆಗ ನಾನು ಏನ್ ಮಾಡ್ಲಿ?"

ಅಂಜಲಿ ಚಹಾ ಮುಗಿಸಿ ಹೊರಟಳು.

ಈಗ ಕುಲ್ಸುಂ ಕಾಕ್ಸ್ ಟೌನಿನ ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಬನ್ನಿಗೆ ಕೊಬ್ಬರಿ ತುಂಬುತ್ತಾಳೆ. ಈ ಸಲದ ರಂಜಾನ್ ಹೊತ್ತಿಗೆ ಇಮಾಮ್ ಬೀ ಮೊಮ್ಮಗಳ ಕೈ ಹಿಡಿದು ಅವಳ ಮನೆಗೆ ಬಂದು, ಅರ್ಧ ಗಂಟೆ ಇವಳನ್ನು ನೋಡಿಕೋ, ಖರ್ಜೂರ ತಂದುಬಿಡುತ್ತೇನೆ ಎಂದಳು. ಕುಲ್ಸುಂ ಹುಡುಗಿಗೆ ಚಾಪೆ ಹಾಸಿದಳು. ಹಿಂದೆಯೇ ಇನ್ನೊಂದು ಚಾಪೆ ತಂದು ಹಾಸಿದಳು.

"ನೀವೂ ಇವಳ ಜೊತೇಲೇ ಕೂತ್ಕೊಳ್ಳಿ ಆಪಾ," ಎಂದಳು. "ಖರ್ಜೂರ ಮಿಸ್ಬಾ ತರ್ತಾಳೆ."