ಗಂಗಹನುಮಯ್ಯನ ಕೊರಳ ಗಂಟು

ನನ್ನಣ್ಣ ಗಂಗಹನುಮಯ್ಯ ಮಧುಗಿರಿಯ ಬಟ್ಟೆ ಅಂಗಡಿಯೊಂದರಲ್ಲಿ ಆಯಸ್ಸು ಸವೆಸಿದವನು. ನಮ್ಮ ಬಡವನಹಳ್ಳಿ ಸುತ್ತಮುತ್ತ ಯಾವ ಹುಡುಗನಿಗೆ ಕೆಲಸ ಸಿಕ್ಕರೂ ಮೊದಲು ದೇವರಿಗೆ ಕಾಯಿ, ಆಮೇಲೆ ನಮ್ಮಣ್ಣನ ಮುಂದೆ ಹಾಜರಿ.

"ಬ್ಯಾಂಕಿಗಾ? ತಿಳಿ ಬಣ್ಣದ ತುಂಬುತೋಳು, ಇನ್‌ಶರ್ಟು. ಬೆಲ್ಟು ಕರೀದಾದ್ರೆ ಬೂಟೂ ಕರೀದೇ ಕಣ್ಲಾ. ಮೇಷ್ಟ್ರಾ? ಅರ್ಧ ತೋಳಾದ್ರೂ ನಡೀತದೆ, ಇಸ್ತ್ರಿ ಇರ್ಲಿ, ಜೀನ್ಸ್ ಬ್ಯಾಡ. ಪಾವಗಡದ ಸೋಲಾರ್ ಪ್ಲಾಂಟ್‌ಗಾ? ಹತ್ತಿ ಬಟ್ಟೆ ತಗೋ. ಆ ಮಿರಮಿರ ಅನ್ನೋದು ಕಿಡಿ ಬಿದ್ರೆ ಮೈಗೇ ಅಂಟ್ಕತದೆ. ಫ್ಯಾಕ್ಟ್ರಿ ಅಂದ್ರೆ ತೋಳು ಜೋತಾಡಬಾರ್ದು, ಬೆರಳಾಗೆ ಉಂಗ್ರ ಇರಬಾರ್ದು."

ಊರಿಗೆಲ್ಲ ಹೀಗೆ ಉಡಿಸಿದವನು ತಾನು ಮಾತ್ರ ಮನೆಗೆ ಬಂದವನೇ ಪ್ಯಾಂಟು ಶರ್ಟು ಕಿತ್ತೆಸೆದು ಪಂಚೆ ಸುತ್ತಿಕೊಳ್ಳುತ್ತಿದ್ದ. ಬರಿಮೈಯಲ್ಲಿ ಜಗಲಿಗೆ ಒರಗಿ, ಒಮ್ಮೆ ಕ್ಯಾಕರಿಸಿ, "ಅಬ್ಬಾ, ಬಂದ್ಬುಟ್ಟೆ ಕಣಮ್ಮ ಲಕ್ಷ್ಮೀ" ಎಂದು ಉದ್ದನೆ ಉಸಿರು ಬಿಡುತ್ತಿದ್ದ. ಆ ಉಸಿರು ಕೇಳಿದ ಮೇಲೇ ತವರಲ್ಲೇ ಉಳಿದಿದ್ದ ತಂಗಿ ನಾನು ತಟ್ಟೆ ಹಾಕುತ್ತಿದ್ದುದು.

ಅಂಗಡಿ ಮೂರು ಮಹಡಿಯಾದಾಗ ಮಾಲೀಕನಿಗೆ ಟೈ ಹುಚ್ಚು ಹಿಡಿಯಿತು. ಮಧುಗಿರಿಯ ಬಿಸಿಲೆಂಥದು, ಬಂಡೆಯೇ ಬೆವರುತ್ತದೆ. ಅಂಥದ್ದರಲ್ಲಿ ಕೊರಳಿಗೆ ಟೈ! ಆ ಮಾಲೀಕನ ಮನೆ ಹಾಳಾಗ! ಅಣ್ಣ ಗೊಣಗಲಿಲ್ಲ. ಗಂಟು ಹಾಕುವುದನ್ನು ಕಲಿತ. ಮಗ ರೇವಂತನ ಕಾಲೇಜು ಬೀಳ್ಕೊಡುಗೆಗೆ ತಾನೇ ಒಂದು ನೀಲಿ ಟೈ ಕಟ್ಟಿಕೊಟ್ಟ. ಬಿಚ್ಚಿದರೆ ಮತ್ತೆ ಕಟ್ಟಲು ಬಾರದೆಂದು ಹುಡುಗ ಅದನ್ನು ಕುಣಿಕೆಯ ಹಾಗೇ ತಲೆಯಿಂದ ತೆಗೆದು ಮೊಳೆಗೆ ನೇತುಹಾಕಿದ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಣ್ಣ ಅಂಗಡಿಯಲ್ಲೇ ಕುಸಿದು ಕೂತ. "ಉಸ್ರು ಕಟ್ತದೆ, ಒಸಿ ಸಡಿಲ ಮಾಡ್ರಪ್ಪಾ" ಎಂದನಂತೆ. ಜೊತೆಯವರು ಗಾಬರಿಯಲ್ಲಿ ಟೈನ ಯಾವ ತುದಿ ಎಳೆದರೋ, ಅದು ಇನ್ನೂ ಬಿಗಿಯಿತು. ಹೃದಯ ನಿಂತಿತು ಎಂದರು ಡಾಕ್ಟರು. ಇರಬಹುದು.

ಮನೆಗೆ ತಂದಾಗಲೂ ಆ ಗಂಟು ಬಿಚ್ಚಲಿಲ್ಲ. ಯಾರೋ ಕತ್ತರಿ ತಂದರೆ ಅತ್ತಿಗೆ ಮುನಿಯಮ್ಮ ಕೈ ಹಿಡಿದುಕೊಂಡಳು. "ಅದು ಅವರ ಮರ್ವಾದೆ ಕಣ್ರಪ್ಪಾ. ಅಂಗೇ ಕಳ್ಸಿ" ಎಂದು ಗೋಳಾಡಿದಳು. ಆ ಹೊತ್ತಿನಲ್ಲಿ ಅವಳಿಗೆ ಎದುರಾಡುವವರಾರು? ಮೈ ತೊಳೆದು, ಹೊಸ ಪ್ಯಾಂಟು ಶರ್ಟು ತೊಡಿಸಿ, ಟೈ ಸಮೇತ ಮಣ್ಣು ಮಾಡಿದೆವು. ಹೋಗುವಾಗ ಉಡಿದಾರವೂ ಬರುವುದಿಲ್ಲ ಎನ್ನುತ್ತಾರಲ್ಲ, ಆ ಉಡಿದಾರವನ್ನೇನೋ ಮರೆಯದೆ ಕಿತ್ತಿದ್ದೆವು.

ಈ ಯುಗಾದಿ ಕಳೆದ ಮೇಲೆ ರೇವಂತನಿಗೆ ಶಿರಾದ ಕಾರ್ ಶೋರೂಮಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಟೈ ಇಲ್ಲದೆ ಒಳಗೆ ಬಿಡುವುದಿಲ್ಲ. ಅಪ್ಪ ಕಟ್ಟಿಕೊಟ್ಟು ಮೊಳೆಯ ಮೇಲೇ ಉಳಿದಿದ್ದ ಆ ನೀಲಿ ಟೈ ಕೊರಳಿಗಿಳಿಯಿತು.

ಮೊದಲ ವಾರವೇ ಕತ್ತಿನ ಸುತ್ತ ಕೆಂಪು ಬರೆ. ಬೆವರುಸಾಲೆ ಎಂದುಕೊಂಡು ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ತಿಂಗಳುಗಳು ಉರುಳಿದಂತೆ ಬರೆ ನೀಲಿಗೆ ತಿರುಗಿತು. ಒಂದು ದಿನ ಗಿರಾಕಿಯ ಎದುರಿಗೇ ಕಣ್ಣು ಮೇಲಾಗಿ ಬಿದ್ದ. ಆಸ್ಪತ್ರೆಯಲ್ಲಿ ಎಲ್ಲ ನೋಡಿ ಏನೂ ಇಲ್ಲ ಎಂದರು. ಇನ್ನೊಮ್ಮೆ ಹೀಗಾದರೆ ಬರಬೇಡ ಎಂದರು ಶೋರೂಮಿನವರು. ಕೆಲಸ ಹೋದರೆ ಹೋಗಲಿ, ನನಗೆ ಹುಡುಗನ ಉಸಿರಿನ ಚಿಂತೆ.

"ಬೇರೆ ಟೈ ತಗೋಳ್ಲಾ, ಹಾಳಾಗ್ಲಿ!" ಎಂದು ಬೈದೆ.

"ಅಪ್ಪನ ಕೈ ಗಂಟು ಅದೊಂದೇ ಉಳ್ದಿರೋದು ಅತ್ತೆ" ಎಂದ. "ಒಂದು ಮಾತು ಹೇಳ್ಲಾ? ಮೊಳೆ ಮ್ಯಾಲೆ ಹಾಕುವಾಗ ಸಡಿಲ ಮಾಡಿರ್ತೀನಿ. ಬೆಳಗ್ಗೆ ನೋಡಿದ್ರೆ ಬಿಗಿದಿರ್ತದೆ."

ಅವನಿಗೆ ಹೇಳದೆ ಆ ಟೈ ಸೆರಗಿನಲ್ಲಿ ಸುತ್ತಿಕೊಂಡು ಶಿರಾಕ್ಕೆ ಬಸ್ಸು ಹತ್ತಿದೆ. ಅಲ್ಲಿ ದರ್ಜಿ ಬಾಷಾ ಸಾಬ್ ಅಣ್ಣನ ಹಳೇ ಗೆಳೆಯ. ನಡೆದದ್ದನ್ನೆಲ್ಲ ಕೇಳಿ ಉಗುರು ಹಾಕಿ ನೋಡಿದರು, ದಬ್ಬಣ ಹಾಕಿ ನೋಡಿದರು. ಗಂಟು ಮಿಸುಕಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಮಣ್ಣು ಮಾಡೋವಾಗ ಅವನ ಕೊರಳಿನ ಟೈ ಬಿಚ್ಚಿದ್ರಾ?"

"ಇಲ್ಲ ಭಾಯ್."

"ಯಾ ಅಲ್ಲಾ! ನಮ್ಮಲ್ಲಿ ಹೆಣಕ್ಕೆ ಸುತ್ತಿದ ಕಫನ್ ಬಟ್ಟೆಗೆ ಕಟ್ಟಿದ ಗಂಟನ್ನೂ ಗೋರಿಯೊಳಗೆ ಇಟ್ಟ ಮೇಲೆ ಬಿಚ್ತೀವಿ ಕಣಮ್ಮ. ಅವನನ್ನ ಇನ್ನೂ ಅಂಗಡೀಲೇ ನಿಲ್ಸಿದ್ದೀರಲ್ಲ!"

ನನಗೆ ಅಲ್ಲೇ ಅಳು ಒತ್ತರಿಸಿ ಬಂತು. ಕಳೆದ ವರ್ಷ ಹಿರಿಯರ ಹಬ್ಬದಲ್ಲೂ ಎಡೆಯ ಮುಂದೆ ಇಟ್ಟದ್ದು ಮತ್ತದೇ ಪ್ಯಾಂಟು, ಶರ್ಟು, ಬೆಲ್ಟು. ಸತ್ತ ಮೇಲೂ ಅವನಿಗೆ ಡ್ಯೂಟಿ ಹಾಕಿದ್ದೆವು.

ಅದೇ ವಾರದ ಕೊನೆಗೆ, ಭಾನುವಾರ, ಈ ಸಲದ ಮಹಾಲಯ ಅಮಾವಾಸ್ಯೆ ಬಂತು. ಅತ್ತಿಗೆ ತಂದಿದ್ದ ಹೊಸ ಶರ್ಟನ್ನು ನಾನು ಮುಟ್ಟಗೊಡಲಿಲ್ಲ. ಅಣ್ಣನ ಫೋಟೋ ಮುಂದೆ ಬಾಳೆಲೆ ಹಾಸಿ, ಅವನಿಗಿಷ್ಟವಾದ ಮುದ್ದೆ, ಹುರುಳಿಕಾಳು ಸಾರು ಬಡಿಸಿದೆವು. ಪಕ್ಕದಲ್ಲಿ ಅವನ ಹಳೇ ಪಂಚೆ ಮಡಿಸಿಟ್ಟೆ, ಅದರ ಮೇಲೆ ಗಂಟು ಬಿಗಿದ ಆ ಟೈ.

"ಅಣ್ಣಾ, ಅಂಗಡಿ ಬಾಗ್ಲು ಹಾಕಾಯ್ತು. ಬಿಚ್ಬುಡು. ಮಗನ್ನ ಬುಡು" ಎಂದು ಕೈ ಮುಗಿದೆ.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತೆವು. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಯ ಸದ್ದೂ ಇರಲಿಲ್ಲ. ಬಾಗಿಲು ತೆಗೆಯುವ ಮುಂಚೆ ಹೊರಗಿನವರು ಕೆಮ್ಮಿ ಸುಳಿವು ಕೊಡುವುದು ನಮ್ಮ ಪದ್ಧತಿ. ರೇವಂತ ಎದ್ದು ಕೆಮ್ಮಲು ಬಾಯಿ ತೆರೆದ.

ಕ್ಯಾಕರಿಸಿದ ಸದ್ದು ಒಳಗಿನಿಂದ ಬಂತು. ಹಿಂದೆಯೇ ಒಂದು ಉದ್ದನೆ ಉಸಿರು.

ಮುನಿಯಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಕೊನೆಗೆ ನಾನೇ ಬಾಗಿಲು ತಳ್ಳಿದೆ.

ಎಡೆ ಹಾಗೇ ಇತ್ತು, ದೀಪ ಉರಿಯುತ್ತಿತ್ತು. ಪಂಚೆಯ ಮಡಿಕೆ ಬಿಚ್ಚಿ ನೆಲದ ಮೇಲೆ ಹರಡಿತ್ತು. ಟೈ ಅದರ ಪಕ್ಕದಲ್ಲಿ ನೀಟಾಗಿ, ಉದ್ದಕ್ಕೆ ಬಿದ್ದಿತ್ತು. ಗಂಟಿರಲಿಲ್ಲ. ಗಂಟಿದ್ದ ಸುಕ್ಕೂ ಇರಲಿಲ್ಲ.

ರೇವಂತ ಅದನ್ನೆತ್ತಿ ಎದೆಗೊತ್ತಿಕೊಂಡು, "ಅಪ್ಪನ ಗಂಟು ಹೋಯ್ತಲ್ಲ ಅತ್ತೆ" ಎಂದು ಮಗುವಿನಂತೆ ಅತ್ತ. ಅತ್ತುಕೊಳ್ಳಲಿ ಎಂದು ಬಿಟ್ಟೆ.

ಸೋಮವಾರ ಬೆಳಿಗ್ಗೆ ಕನ್ನಡಿಯ ಮುಂದೆ ಮೊಬೈಲ್ ನಿಲ್ಲಿಸಿಕೊಂಡು, ಅದರಲ್ಲಿ ನೋಡಿ ನೋಡಿ ತಾನೇ ಟೈ ಕಟ್ಟಿಕೊಂಡ. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಕೊನೆಗೂ ಸೊಟ್ಟಗೇ ಕೂತಿತು. ನಮ್ಮಣ್ಣ ನೋಡಿದ್ದರೆ ತಲೆಗೊಂದು ಮೊಟಕುತ್ತಿದ್ದ.

ಸಂಜೆ ಶಿರಾ ಬಸ್ಸಿಳಿದು ಬಂದವನ ಕತ್ತು ನೋಡಿದೆ. ಬರೆ ಮಾಸಿತ್ತು. ಹುಡುಗ ಟೈ ಬಿಚ್ಚಿ ಮೊಳೆಗೆ ಹಾಕಿ, ಅಪ್ಪನ ಪಂಚೆ ಸುತ್ತಿಕೊಂಡು ಜಗಲಿಗೆ ಒರಗಿದ. ಒಮ್ಮೆ ಕ್ಯಾಕರಿಸಿ ಉದ್ದನೆ ಉಸಿರು ಬಿಟ್ಟ.

ನಾನು ತಟ್ಟೆ ಹಾಕಿದೆ.