ಗಡಿಗೆ ಹೋದ ಖಡಕ್ ರೊಟ್ಟಿ

ಪಾರ್ಸಲ್ ದಾರಿಯಲ್ಲೇ ಕಳೆದುಹೋಗಬಹುದಿತ್ತು. ಮಳೆಗೆ ತೊಯ್ದು ಬೂಸಲು ಹಿಡಿಯಬಹುದಿತ್ತು. ತಪಾಸಣೆಯವರು ಶೇಂಗಾ ಚಟ್ನಿಯನ್ನು ಸಿಡಿಮದ್ದಿನ ಪುಡಿಯೆಂದು ತಿಳಿದು, ಕಳಿಸಿದವನನ್ನು ಹುಡುಕುತ್ತ ಇಬ್ರಾಹಿಂಪುರದ ನನ್ನ ಮನೆಗೇ ಬರಬಹುದಿತ್ತು. ಅಷ್ಟರೊಳಗೆ ಅಕ್ಕನ ಮಗನ ತುಕಡಿ ಬೇರೆ ಕಡೆ ಹೋಗಿರಬಹುದಿತ್ತು. ಇದಕ್ಕಿಂತ ಕೆಟ್ಟದ್ದನ್ನೂ ಯೋಚಿಸಿದ್ದೆ, ಅದನ್ನು ಬರೆಯಲಾರೆ.

ಎಲ್ಲ ಶುರುವಾದದ್ದು ನನ್ನ ಬಾಯಿಂದ. ದೊಡ್ಡ ದೊಡ್ಡ ಸೈನ್ಯಗಳು ವಾರೊಪ್ಪತ್ತಿನಲ್ಲಿ ಕುಸಿಯುವಾಗ ಬಂಡುಕೋರರು ವರ್ಷಗಟ್ಟಲೆ ಹೇಗೆ ಉಳಿಯುತ್ತಾರೆ ಎಂದು ಮಾತಾಡಲು ಟಿಕೋಟಾದ ಕಾಲೇಜಿಗೆ ಕರೆದಿದ್ದರು. ರಾಜ್ಯಶಾಸ್ತ್ರದ ಮೇಷ್ಟ್ರಾದರೂ ವೇದಿಕೆಯೆಂದರೆ ನನಗೆ ಹೆದರಿಕೆ. ಅದಕ್ಕೇ ಹಿಂದಿನ ಭಾನುವಾರ ಕಾಖಂಡಕಿಯ ಅಕ್ಕನ ಅಡುಗೆಮನೆಯಲ್ಲಿ ತಾಲೀಮು ನಡೆಸಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಬಂಡುಕೋರನಿಗೆ ಉಣ್ಣಲಿಕ್ಕಿಡುವುದು ಪಕ್ಕದ ಮನೆ. ಸೋತರೆ ಕೂಲಿಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಅವನು ಗೆಲ್ಲಬೇಕಿಲ್ಲ, ಮುಗಿಯದಿದ್ದರೆ ಸಾಕು. ಸೈನಿಕನಿಗೆ ಊಟ, ಗುಂಡು, ಹುಕುಂ ಎಲ್ಲ ದೂರದಿಂದ ಬರಬೇಕು. ನನ್ನ ಹಿಂದೆ ಯಾರೂ ಇಲ್ಲ ಎಂಬ ಗುಮಾನಿ ಹೊಕ್ಕಿತೋ, ಒಬ್ಬ ಓಡುತ್ತಾನೆ; ಅವನನ್ನು ನೋಡಿ ಉಳಿದವರು."

ಬಡಿಯುವ ಸದ್ದು ನಿಂತಿತು. ಅಕ್ಕನ ಮಗ ಗಡಿಯಲ್ಲಿದ್ದಾನೆ, ಕೆಲವು ದಿನಗಳಿಂದ ಫೋನಿಲ್ಲ ಎಂಬುದು ನನಗೆ ಆಗ ನೆನಪಾಯಿತು.

"ಹಂಗಾದ್ರ ನನ್ನ ಮಗನ ಹಿಂದ ಯಾರದಾರೋ?"

"ಯಕ್ಕಾ, ಅದು ಬ್ಯಾರೆ ದೇಶದ ಮಾತು. ಪಗಾರ ಕೊಡದ, ಸಾಹೇಬ್ರ ಓಡಿಹೋದ ಸೈನ್ಯದ್ದು."

"ನೀ ಮೊದಲ ಪುಕ್ಕಲ. ಈಗ ನನ್ನೂ ಪುಕ್ಕಲ ಮಾಡಿದಿ ನೋಡು."

ರೊಟ್ಟಿಗಳನ್ನೆಲ್ಲ ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡಿದಳು, ಚಟ್ನಿ ಕುಟ್ಟಿದಳು, ಗಂಟು ಕಟ್ಟಿ ನನ್ನ ತೊಡೆಯ ಮೇಲಿಟ್ಟಳು. "ನಾಳಿ ಪಾರ್ಸಲ್ ಮಾಡು."

ಬಸ್ಸಿನಲ್ಲಿ ಅದನ್ನು ಕೂಸಿನಂತೆ ಹಿಡಿದು ಕೂತೆ. ಬಬಲೇಶ್ವರದಲ್ಲಿ ಹತ್ತಿದವರೊಬ್ಬರು ಇನ್ನೇನು ಅದರ ಮೇಲೇ ಕೂರುವವರಿದ್ದರು.

ಮರುದಿನವೇ ಅದನ್ನು ಅಂಚೆಗೆ ಹಾಕಿದೆ. ಟಿಕೋಟಾದ ಭಾಷಣ ಹೇಗೋ ಮುಗಿಯಿತು. "ಹಿಂದೆ ಯಾರೂ ಇಲ್ಲ" ಎನ್ನುವಲ್ಲಿ ಮಾತು ನಿಲ್ಲಿಸಿ ನೀರು ಕುಡಿದೆ. ಆಮೇಲೆ ಪಾರ್ಸಲ್ ಎಲ್ಲಿದೆಯೆಂದು ಮೊಬೈಲಿನಲ್ಲಿ ನೋಡುವುದೇ ಕಸುಬಾಯಿತು. ಅಕ್ಕನೂ ಫೋನ್ ಮಾಡುತ್ತಿದ್ದಳು. ಮಗನ ಮಾತೆತ್ತುತ್ತಿರಲಿಲ್ಲ. "ರೊಟ್ಟಿ ಎಲ್ಲಿ ಮಟಾ ಹೋಗ್ಯಾವು?" ಎಂದಷ್ಟೇ.

ಒಂದು ಸಂಜೆ ಅಳಿಯನ ಫೋನ್ ಬಂತು.

"ಮಾಮಾ, ಇಲ್ಲಿ ನೆಟ್‌ವರ್ಕ್ ಇದ್ದಿದ್ದಿಲ್ರಿ. ಆರಾಮ ಅದೀನಿ. ಅವ್ವನ ಫೋನ್ ಹತ್ತವಲ್ದು. ಗಂಟು ಮುಟ್ಟೈತಿ ಅಂತ ಹೇಳ್ರಿ. ಆದ್ರ..."

ಕೂತಲ್ಲಿಂದ ಎದ್ದು ನಿಂತೆ. "ಆದ್ರ ಏನಲೇ?"

"ಒಂದರೇ ರೊಟ್ಟಿ ಗುಂಡಗ ಉಳದಿಲ್ರಿ. ಎಲ್ಲಾ ಚೂರಾಗ್ಯಾವು. ನಮ್ಮ ಪಂಜಾಬಿ ದೋಸ್ತ ಚಮಚಾದಾಗ ತಿನ್ನಾಕತ್ತಾನ."