ಸಿಲ್ವಿಯ ಮೊದಲ ಪಾಪನಿವೇದನೆ

ಗಲ್ಫಿನ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಇನ್ನೊಂದು ಕುಟುಂಬದ ಜೊತೆ ಒಂದೇ ಫ್ಲ್ಯಾಟಿನಲ್ಲಿ ನಾವು ಇದ್ದ ಕಾಲ ಅದು. ಅಡುಗೆಮನೆಯ ಒಂದು ಒಲೆಯಲ್ಲಿ ನಮ್ಮ ಮೀನುಸಾರು ಕುದಿಯುತ್ತಿದ್ದರೆ ಇನ್ನೊಂದರಲ್ಲಿ ಅವರ ಸಾಂಬಾರು. ಪಪ್ಪ ದೂರದ ದ್ವೀಪವೊಂದರಲ್ಲಿ ಕೆಲಸಗಾರರ ಮೆಸ್ಸಿಗೆ ಅಡುಗೆಯವರು; ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ನನಗೆ ಹನ್ನೊಂದು ವರ್ಷ, ತಂಗಿ ಸಿಲ್ವಿಗೆ ಎಂಟು. ಆ ಚಳಿಗಾಲ ಅವಳು ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಲು ತಯಾರಾಗುತ್ತಿದ್ದಳು; ಅದಕ್ಕೂ ಮುಂಚೆ ಫಾದರಿಗೆ ತನ್ನ ಪಾಪಗಳನ್ನೆಲ್ಲ ಹೇಳಿಕೊಳ್ಳಬೇಕಿತ್ತು. ಆ ದಿನಕ್ಕೆಂದು ಬಿಳಿ ಫ್ರಾಕು ಹೊಲಿದು ಬಂದಿತ್ತು.

ಲೆಕ್ಕದ ಪರೀಕ್ಷೆಯಲ್ಲಿ ಸಿಲ್ವಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದ ಖುಷಿಗೆ ಪಪ್ಪ ಒಂದು ಶುಕ್ರವಾರ ನಮ್ಮನ್ನೆಲ್ಲ ದ್ವೀಪಕ್ಕೆ ಕರೆಸಿಕೊಂಡರು. ದೋಣಿಯ ಡೀಸೆಲ್ ವಾಸನೆಗೆ ಮಮ್ಮಿ ಮೂಗಿನಿಂದ ಕರವಸ್ತ್ರ ತೆಗೆಯಲೇ ಇಲ್ಲ. ಪಪ್ಪ ಮೆಸ್ಸಿನ ಪಿಕಪ್ಪಿನಲ್ಲಿ ನಮ್ಮನ್ನು ಒಂದು ಹಾಳುಬಿದ್ದ ಇಗರ್ಜಿಗೆ ಕರೆದುಕೊಂಡು ಹೋದರು. ಇಸ್ಲಾಂ ಬರುವ ಕಾಲದಲ್ಲಿ ಕ್ರೈಸ್ತ ಸನ್ಯಾಸಿಗಳು ಅಲ್ಲಿದ್ದರಂತೆ. ಮೊಣಕಾಲೆತ್ತರದ ಗೋಡೆಗಳು, ಸಣ್ಣ ಸಣ್ಣ ಕೋಣೆಗಳ ಗುರುತು, ಬಿಸಿಲಿಗೆ ಕಾದ ಸುಣ್ಣದ ವಾಸನೆ. ಮಮ್ಮಿ ತಲೆಗೆ ಶಾಲು ಹೊದ್ದು ಶಿಲುಬೆಯ ಗುರುತು ಮಾಡಿದರು.

"ಅಣ್ಣಾ, ನೀನು ಫಾದರ್ ಆಗು. ನಾನು ಪಾಪನಿವೇದನೆ ಪ್ರಾಕ್ಟೀಸ್ ಮಾಡ್ತೇನೆ" ಎಂದಳು ಸಿಲ್ವಿ.

ಹೆಗಲಿಗೆ ಟವೆಲ್ ಹಾಕಿಕೊಂಡು ಗೋಡೆಯ ಈಚೆ ಕೂತೆ. ಅವಳು ಆಚೆ ಮೊಣಕಾಲೂರಿದಳು.

"ಫಾದರ್, ಡಬ್ಬಿಯ ಮಿಲ್ಕ್‌ಮೇಡ್ ಎಲ್ಲ ನಾನೇ ನೆಕ್ಕಿದೆ."

"ನೀನಾ? ಪೆಟ್ಟು ತಿಂದದ್ದು ನಾನು!"

"ಫಾದರ್ ಹಾಗೆಲ್ಲ ಬೈಯುವುದಿಲ್ಲ ಮಾರಾಯ."

ಇಬ್ಬರೂ ನಕ್ಕೆವು. ಆಮೇಲೆ ಅವಳ ದನಿ ತಗ್ಗಿತು. "ಲೆಕ್ಕದ ಪೇಪರ್ ಪಕ್ಕದವಳದ್ದು ನೋಡಿ ಬರೆದದ್ದು. ನಿಜದ ಫಾದರಿಗೆ ಹೇಳ್ಲಿಕ್ಕೆ ಹೆದರಿಕೆ ಆಗ್ತದೆ. ದೇವರು ಕ್ಷಮಿಸ್ತಾನಲ್ಲ?"

"ಕ್ಷಮಿಸ್ತಾನೆ" ಎಂದೆ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಪ್ರಾಣ ಹೋದರೂ ಹೊರಗೆ ಹೇಳಬಾರದು. ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ನೆರಳಿನಲ್ಲಿ ಚಾಪೆ ಹಾಸಿ ಸನ್ನ, ಕೋಳಿ ಸುಕ್ಕದ ಬುತ್ತಿ ಬಿಚ್ಚಿದೆವು. ಪಪ್ಪ ದೊಡ್ಡ ತುಂಡನ್ನು ಸಿಲ್ವಿಯ ತಟ್ಟೆಗೆ ಹಾಕಿ ನನ್ನತ್ತ ತಿರುಗಿದರು. "ನೋಡಿ ಕಲಿ. ತಂಗಿಯಷ್ಟೂ ಬುದ್ಧಿ ಇಲ್ಲ ನಿನಗೆ."

"ಅವಳು ಕಾಪಿ ಹೊಡೆದದ್ದು" ಎಂದುಬಿಟ್ಟೆ. "ಈಗಷ್ಟೇ ನನಗೆ ಹೇಳಿದಳು."

"ಹೌದಾ ಸಿಲ್ವಿ?"

ಅವಳು ಹೌದೆಂದು ತಲೆಯಾಡಿಸಿದಳು. ಪಪ್ಪ ತಟ್ಟೆ ಕೆಳಗಿಟ್ಟರು. "ಈ ವರ್ಷ ನಿನಗೆ ಪರಮಪ್ರಸಾದ ಬೇಡ."

"ಸಣ್ಣ ಮಗು ಅಲ್ವಾ? ಫ್ರಾಕು ಸಹ ಹೊಲಿಸಿ ಆಗಿದೆ" ಎಂದರು ಮಮ್ಮಿ.

"ಖಲಾಸ್. ಮಾತು ಬೇಡ." ಪಪ್ಪ ಮತ್ತೆ ಅವಳನ್ನು ಕೇಳಿದರು: "ಇವನದ್ದೂ ಏನಾದ್ರೂ ಉಂಟಾ? ಇದ್ರೆ ಹೇಳು."

ಕೆಂಪು ಅಂಕಗಳ ನನ್ನ ಪ್ರೋಗ್ರೆಸ್ ಕಾರ್ಡಿಗೆ ಪಪ್ಪನ ಸಹಿ ಹಾಕಿದ್ದು ನಾನೇ. ಹಾಕುವಾಗ ಸಿಲ್ವಿ ಪಕ್ಕದಲ್ಲೇ ಕೂತಿದ್ದಳು. ಅವಳು ನನ್ನನ್ನೊಮ್ಮೆ ನೋಡಿದಳು.

"ಗೊತ್ತಿಲ್ಲ ಪಪ್ಪ."

ನಾನು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದೆ.

ಆ ವರ್ಷ ಉಳಿದ ಹುಡುಗಿಯರೆಲ್ಲ ಬಿಳಿ ಬಟ್ಟೆಯಲ್ಲಿ ಸಾಲಾಗಿ ನಡೆದಾಗ, ಸಿಲ್ವಿ ನೀಲಿ ಫ್ರಾಕು ಹಾಕಿಕೊಂಡು ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಮರುವರ್ಷಕ್ಕೆ ಬಿಳಿ ಫ್ರಾಕು ಗಿಡ್ಡವಾಗಿತ್ತು. ಮಮ್ಮಿ ಅಂಚಿಗೆ ಲೇಸು ಕೂಡಿಸಿ ಹೊಲಿದರು.

ನಾನು ಹತ್ತನೇ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟೆ. ಈಗ ಗಲ್ಫಿನಲ್ಲೇ, ಅಲ್ ಕುಸೈಸಿನಲ್ಲಿ ಡೆಲಿವರಿ ವ್ಯಾನ್ ಓಡಿಸುತ್ತೇನೆ. ಸಿಲ್ವಿ ಐರ್ಲೆಂಡಿನಲ್ಲಿ ನರ್ಸ್. ಪಪ್ಪನಿಗೆ ಆ ದಿನದ ನೆನಪೇ ಇಲ್ಲ. ದ್ವೀಪಕ್ಕೆ ಹೋಗುವ ಮೊದಲೆಲ್ಲ ಸಿಲ್ವಿ ತಾನು ಕಂಡ ಕನಸು, ಮುರಿದ ಪೆನ್ಸಿಲು, ಹೊಟ್ಟೆನೋವು ಎಲ್ಲವನ್ನೂ ನನಗೇ ಮೊದಲು ಹೇಳುತ್ತಿದ್ದಳು. ಅಲ್ಲಿಂದ ಬಂದ ಮೇಲೆ ಅವಳ ಒಂದು ಗುಟ್ಟೂ ನನ್ನ ಹತ್ತಿರ ಬಂದಿಲ್ಲ. ಜಗಳವಾಡಿದ್ದರೆ ಎಷ್ಟೋ ಸುಲಭವಿತ್ತು.

ಹೋದ ತಿಂಗಳು ಅವಳಿಗೆ ಆಪರೇಶನ್ ಆಯಿತು. ವಾರ ಕಳೆದ ಮೇಲೆ ಮಮ್ಮಿಯಿಂದ ಗೊತ್ತಾಗಿ, ವ್ಯಾನ್ ಬದಿಗೆ ನಿಲ್ಲಿಸಿ ಫೋನ್ ಮಾಡಿದೆ.

"ನನಗೊಂದು ಮಾತು ಹೇಳ್ಬಾರದಿತ್ತಾ ಸಿಲ್ವಿ?"

"ಹೇಳುವಂಥದ್ದು ಏನಿಲ್ಲ ಅಣ್ಣಾ. ನಿನ್ನ ಊಟ ಆಯ್ತಾ?"

ಕ್ಷಮೆ ಕೇಳುವ ಮಾತು ನಾಲಗೆಯ ತುದಿಯಲ್ಲೇ ಇತ್ತು.

"ಆಯ್ತು" ಎಂದೆ.